ಅಪ್ಪಣೆಯು ಹಾರೈಕೆಯಾದ ಬಗೆ

ಬಾಗಿಲಿಗೆ ಬಂದ ಹುಡುಗನನ್ನು ನೀವು ‘ಒಳಗೆ ಬಾ’ ಎಂದು ಕರೆಯುತ್ತೀರಿ; ಹಿರಿಯರು ಬಂದರೆ ‘ದಯಮಾಡಿಸಬೇಕು’ ಎನ್ನುತ್ತೀರಿ. ಕೆಲಸ ಒಂದೇ, ಮಾತಿನ ಮರ್ಯಾದೆ ಬೇರೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಭೇದವು ಕ್ರಿಯಾಪದದ ರೂಪದಲ್ಲಿಯೇ ಅಡಗಿದೆ. ಅದರ ಹಿಂದಿರುವ ಚರಿತ್ರೆ ಸ್ವಾರಸ್ಯವಾದುದು.

ಸಲಿಗೆಯವರಿಗೆ ಸ್ಪ್ಯಾನಿಷರು ‘ವೆನ್’ ಎನ್ನುತ್ತಾರೆ, ಎಂದರೆ ‘ಬಾ’. ಇದು ನೇರವಾದ ಆಜ್ಞೆ. ಗೌರವಸ್ಥರಿಗೆ ಹೇಳುವ ಮಾತು ‘ವೆಂಗಾ’. ಇದು ಮೂಲತಃ ಆಜ್ಞಾರೂಪವಲ್ಲ. ಆಶಯವನ್ನು ಸೂಚಿಸುವ ರೂಪ, ನಮ್ಮ ‘ಬರಲಿ’ ಎಂಬುದರಂತೆ. ಎದುರಿಗೆ ನಿಂತವರನ್ನು ಕುರಿತು ‘ಬರಲಿ’ ಎನ್ನುವುದೇಕೆ?

ಹಿಂದೆ ಗೌರವಕ್ಕೆ ‘ವೋಸ್’ ಎಂಬ ಬಹುವಚನವೇ ಸಾಕಾಗಿತ್ತು. ಎಲ್ಲರೂ ಬಳಸಿದ ಮೇಲೆ ಅದರ ಬೆಲೆ ಇಳಿಯಿತು. 16ನೆಯ ಶತಮಾನದಲ್ಲಿ ಮಾನವಂತನನ್ನು ‘ವೋಸ್’ ಎಂದರೆ ಅವಮಾನವೇ ಆದೀತು. ಆಗ ಬಳಕೆಗೆ ಬಂದುದು ‘ವುಎಸ್ತ್ರಾ ಮೆರ್ಸೆದ್’, ಎಂದರೆ ‘ತಮ್ಮ ಕೃಪೆ’. ಕೃಪೆಯು ಪ್ರಥಮ ಪುರುಷ. ಆದ್ದರಿಂದ ‘ತಮ್ಮ ಕೃಪೆಯು ಬರಲಿ’ ಎನ್ನಬೇಕಾಯಿತು. ನಾಲಗೆಯ ಮೇಲೆ ಸವೆದು 17ನೆಯ ಶತಮಾನದಲ್ಲಿ ಆ ಪದವು ‘ಉಸ್ತೆದ್’ ಆಯಿತು. ಕರೆಯುವ ಹೆಸರು ಕುಗ್ಗಿತು. ಹಾರೈಸುವ ಕ್ರಿಯಾಪದ ಮಾತ್ರ ಹಾಗೆಯೇ ಉಳಿಯಿತು.

ಆ ಕಾಲದ ಮಾನಾಭಿಮಾನವನ್ನು ಕೇಳಬೇಡಿ. 1554ರಲ್ಲಿ ಅಚ್ಚಾದ ‘ಲಾಸರಿಯೋ ದೆ ತೋರ್ಮೆಸ್’ ಕಥೆಯಲ್ಲಿ ಒಬ್ಬ ಬಡ ಕುಲೀನನಿದ್ದಾನೆ. ಮನೆಯಲ್ಲಿ ತುತ್ತು ಅನ್ನಕ್ಕೆ ಗತಿಯಿಲ್ಲ. ಆದರೂ ‘ದೇವರು ತಮ್ಮನ್ನು ಕಾಪಾಡಲಿ’ ಎಂಬರ್ಥದಲ್ಲಿ ವಂದಿಸಿದ ಕಸುಬುದಾರನ ಮೇಲೆ ಕೈಮಾಡಲು ಹೋಗಿದ್ದನಂತೆ! ಆ ಹಾರೈಕೆ ಕೀಳುಜನರಿಗೆ ತಕ್ಕದ್ದು, ತನಗೆ ‘ಕೈಗೆ ಮುತ್ತಿಡುತ್ತೇನೆ’ ಎನ್ನಬೇಕೆಂಬುದು ಅವನ ಹಟ. ಬಿರುದುಗಳ ಹಾವಳಿ ಮಿತಿಮೀರಲು, ದೊರೆ ಎರಡನೆಯ ಫಿಲಿಪ್ 1586ರಲ್ಲಿ ಶಾಸನವನ್ನೇ ಹೊರಡಿಸಿ, ತನಗೆ ಬರೆಯುವ ಪತ್ರದ ತಲೆಯಲ್ಲಿ ‘ಸೆನ್ಯೋರ್’ ಎಂದಷ್ಟೇ ಇದ್ದರೆ ಸಾಕೆಂದು ವಿಧಿಸಿದನು.

ಭಾಷೆ ಶಾಸನಕ್ಕೆ ಕಾಯಲಿಲ್ಲ. ಕಡಲು ದಾಟಿದ ಮೇಲೆ ಅದರ ದಾರಿಯೇ ಬೇರೆಯಾಯಿತು. ಅವಮಾನವೆನಿಸಿದ್ದ ‘ವೋಸ್’ ಅರ್ಜೆಂಟೈನಾದಲ್ಲಿ ಇಂದು ಗೆಳೆತನದ ಮಾತು. ಮೆಕ್ಸಿಕೋದ ತಾಯಿ ಬೀದಿಯಲ್ಲಿ ಆಡುವ ಮಕ್ಕಳನ್ನು ಊಟಕ್ಕೆ ಕೂಗುವಾಗ ‘ವೆಂಗಾನ್’ ಎನ್ನುತ್ತಾಳೆ. ಅದರ ಹಳೆಯ ಅರ್ಥವನ್ನು ಬಿಡಿಸಿ ನೋಡಿದರೆ, ‘ತಮ್ಮ ಕೃಪೆಗಳು ಬರಲಿ’ ಎಂದೇ! ಕುಲೀನರು ಕಾದಾಡಿ ಕಾಪಾಡಿಕೊಂಡ ಮರ್ಯಾದೆ, ಯಾರ ಅಪ್ಪಣೆಯೂ ಇಲ್ಲದೆ, ಮಣ್ಣಾಡುವ ಮಕ್ಕಳ ಪಾಲಿಗೆ ಬಂದಿದೆ.