ಇಬ್ಬರಿಗೂ ಕಾಣದಿದ್ದ ಆ ಸಂದು



ಈರುಳ್ಳಿ ಸಿಪ್ಪೆಯ ಕೋಶಗಳನ್ನು ನಾವೆಲ್ಲ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದವರೇ. ಇಟ್ಟಿಗೆ ಜೋಡಿಸಿದಂತೆ ಸಾಲಾಗಿ ಕಾಣುತ್ತವೆ. ಮೆದುಳಿನ ಕೋಶಗಳು ಹಾಗಲ್ಲ. ಪ್ರತಿಯೊಂದಕ್ಕೂ ಮರದಂತೆ ಕವಲುಗಳು. ಒಂದರ ಕವಲು ಎಲ್ಲಿ ಮುಗಿಯಿತು, ಇನ್ನೊಂದರದ್ದು ಎಲ್ಲಿ ಶುರುವಾಯಿತು ಎಂದು ತಿಳಿಯುವುದೇ ಕಷ್ಟ. ಈ ಪ್ರಶ್ನೆಯ ಮೇಲೆ ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗಳವಾಡಿದರು.

1873ರಲ್ಲಿ ಇಟಲಿಯ ಕ್ಯಾಮಿಲೊ ಗಾಲ್ಗಿ (ನಮ್ಮ ಪಠ್ಯದ ‘ಗಾಲ್ಗಿ ಸಂಕೀರ್ಣ’ದ ಗಾಲ್ಗಿ ಇವರೇ) ಬೆಳ್ಳಿಯ ಲವಣ ಬಳಸಿ, ಕೆಲವೇ ನರಕೋಶಗಳು ಕಪ್ಪಾಗಿ ಎದ್ದು ಕಾಣುವ ವಿಧಾನ ಕಂಡುಹಿಡಿದರು. ನರಗಳೆಲ್ಲ ಸೇರಿ ಒಂದೇ ಅಖಂಡ ಬಲೆ ಎಂಬುದು ಅವರ ನಂಬಿಕೆ. ಸ್ಪೇನಿನ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಕಲಿತು, ಸುಧಾರಿಸಿ, ವಿರುದ್ಧ ತೀರ್ಮಾನಕ್ಕೆ ಬಂದರು: ಪ್ರತಿ ನರಕೋಶವೂ ಬೇರೆ ಬೇರೆ, ಹತ್ತಿರ ಬರುತ್ತವೆ, ಬೆಸೆದುಕೊಳ್ಳುವುದಿಲ್ಲ. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಬಂತು. ಗಾಲ್ಗಿ ತಮ್ಮ ನೊಬೆಲ್ ಉಪನ್ಯಾಸವನ್ನೇ ಕಹಾಲರ ಸಿದ್ಧಾಂತವನ್ನು ಅಲ್ಲಗಳೆಯಲು ಬಳಸಿದರು!

ಹಟ ಎನ್ನಬಹುದು. ಆದರೂ ಗಾಲ್ಗಿಯವರ ಮೇಲೆ ನಮಗೆ ಅಷ್ಟು ಕೋಪ ಬರುವುದಿಲ್ಲ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಗೆರೆಗಳು ಒಂದಾಗಿಯೇ ಕಾಣುತ್ತವೆ. ನರಕೋಶಗಳ ನಡುವಿನ ಸಂದು ಬರೀ 20 ನ್ಯಾನೋಮೀಟರ್‌ನ ಆಸುಪಾಸು. ಅಂದರೆ ಕಹಾಲರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ.

1931ರಲ್ಲಿ ಬರ್ಲಿನ್‌ನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣ ಹಾಯಿಸಿ ಹೊಸ ಸೂಕ್ಷ್ಮದರ್ಶಕ ಕಟ್ಟಿದರು. ಆದರೆ ಎಲೆಕ್ಟ್ರಾನುಗಳು ಹಾದುಹೋಗಬೇಕಾದರೆ ಅಂಗಾಂಶವನ್ನು ವಿಪರೀತ ತೆಳ್ಳಗೆ ಸೀಳಬೇಕು. ಉಕ್ಕಿನ ಅಲಗು ಸಾಲಲಿಲ್ಲ. 1950ರಲ್ಲಿ ಒಡೆದ ಗಾಜಿನ ಅಂಚೇ ಚೂರಿಯಾಯಿತು! ಆಸ್ಮಿಯಂ ಎಂಬ ಭಾರಲೋಹ ಕೋಶಪೊರೆಗೆ ಅಂಟಿ ಅದನ್ನು ಕಪ್ಪು ಗೆರೆಯಾಗಿ ತೋರಿಸಿತು. 1950ರ ದಶಕದ ನಡುವೆ ಪಲಾಡೆ, ಪಾಲೆ, ಡಿ ರಾಬರ್ಟಿಸ್, ಬೆನೆಟ್ ಮೊದಲಾದವರ ಚಿತ್ರಗಳಲ್ಲಿ ಎರಡು ಪೊರೆಗಳೂ ನಡುವಿನ ಸಂದೂ ಸ್ಪಷ್ಟವಾಗಿ ಕಂಡವು. ಕಹಾಲ್ ಗೆದ್ದಿದ್ದರು, ಆದರೆ ಅವರು 1934ರಲ್ಲೇ ತೀರಿಕೊಂಡಿದ್ದರು, ಗಾಲ್ಗಿ 1926ರಲ್ಲಿ. (ಕೆಲವು ನರಕೋಶಗಳು ಸಣ್ಣ ನಾಳಗಳ ಮೂಲಕ ನೇರವಾಗಿಯೇ ಕೂಡಿಕೊಂಡಿರುವುದು ಆಮೇಲೆ ತಿಳಿಯಿತು. ಗಾಲ್ಗಿಗೆ ಇಷ್ಟಾದರೂ ಸಮಾಧಾನ.)

ಮುಂದೆ ಸಂದುಗಳನ್ನೆಲ್ಲ ಎಣಿಸುವ ಕೆಲಸ ಶುರುವಾಯಿತು. ಒಂದು ಮಿಲಿಮೀಟರ್ ಉದ್ದದ ಹುಳುವಿನ 302 ನರಕೋಶಗಳ ಜೋಡಣೆಯನ್ನು ಕೇಂಬ್ರಿಜ್‌ನ ಬ್ರೆನ್ನರ್ ತಂಡ ಹೆಚ್ಚುಕಡಿಮೆ ಕೈಯಿಂದಲೇ ಗುರುತಿಸಿ ಪ್ರಕಟಿಸಿದ್ದು 1986ರಲ್ಲಿ. ರುಸ್ಕಾಗೆ ನೊಬೆಲ್ ಬಂದದ್ದೂ ಅದೇ ವರ್ಷ, 55 ವರ್ಷ ಕಾದ ಮೇಲೆ. 2024ರಲ್ಲಿ ಹಾರ್ವರ್ಡ್ ಮತ್ತು ಗೂಗಲ್ ತಂಡ ಮನುಷ್ಯನ ಮೆದುಳಿನ ಒಂದು ಘನ ಮಿಲಿಮೀಟರ್ ಚೂರಿನ ನಕ್ಷೆ ಪ್ರಕಟಿಸಿತು. ಅಪಸ್ಮಾರದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರು ಅದು. ಅರ್ಧ ಅಕ್ಕಿ ಕಾಳಿನಷ್ಟರಲ್ಲಿ ಸುಮಾರು 57,000 ಕೋಶಗಳು, 15 ಕೋಟಿ ಸಂಧಿಗಳು. ಕಂಪ್ಯೂಟರ್ ತಪ್ಪಾಗಿ ಜೋಡಿಸಿದ ಎಳೆಗಳನ್ನು ಮಾತ್ರ ಈಗಲೂ ಮನುಷ್ಯರೇ ಕೂತು ಒಂದೊಂದಾಗಿ ತಿದ್ದಬೇಕು.