ಅಣಕಕ್ಕೂ ಒಂದು ತಿಥಿ ಬೇಕು

1996ರ ಆಗಸ್ಟಿನಲ್ಲಿ ಬಂದ 'ಅಕ್ಟೋಬರ್ ರಸ್ಟ್' ಅನ್ನೋ ಆಲ್ಬಂ ಹಾಕಿದರೆ ಮೊದಲು ಕೇಳಿಸೋದು ಗಿಟಾರೂ ಅಲ್ಲ, ಡ್ರಮ್ಮೂ ಅಲ್ಲ. ಬರೀ ಗುಂಯ್ ಅನ್ನುವ ಸದ್ದು, ಅರ್ಧ ನಿಮಿಷಕ್ಕೂ ಮೇಲೆ. ಯಕ್ಷಗಾನದ ಮೈಕಿನವನು ವೈರು ಸರಿಯಾಗಿ ಸಿಕ್ಕಿಸದಿದ್ದರೆ ಬರುತ್ತದಲ್ಲ, ಅಂಥದ್ದೇ. ಆ ಟ್ರ್ಯಾಕಿನ ಹೆಸರು 'ಬ್ಯಾಡ್ ಗ್ರೌಂಡ್'. ಅಂದರೆ ಅರ್ತಿಂಗ್ ಸರಿ ಇಲ್ಲ ಅಂತ! ದುಡ್ಡು ಕೊಟ್ಟು ಸೀಡಿ ತಂದವನು ಎದ್ದು ಹೋಗಿ ವೈರು ಅಲುಗಾಡಿಸಲಿ ಅನ್ನೋದೇ ಉದ್ದೇಶ. ಅದಾದ ಮೇಲೆ ವಾದ್ಯವೃಂದದವರು ಕಿಸಕ್ಕನೆ ನಗುತ್ತಾ ತಮ್ಮ ಪರಿಚಯ ಹೇಳಿಕೊಂಡು ಥ್ಯಾಂಕ್ಸ್ ಹೇಳುತ್ತಾರೆ. ಆಮೇಲೆ ಶುರುವಾಗೋದು ಸಾವು, ಪ್ರೀತಿ, ಎಲೆ ಉದುರುವ ಕಾಲ, ಸತ್ತವರ ನೆನಪು... ಎಲ್ಲ ಸೇರಿ 70 ನಿಮಿಷಕ್ಕೂ ಹೆಚ್ಚು. ಕೊನೆಗೆ ಮತ್ತೆ ಅದೇ ದನಿ ಬಂದು, ಇಷ್ಟೇ ನಮ್ಮ ಹತ್ತಿರ ಇದ್ದದ್ದು, ತೀರಾ ನಿರಾಸೆಯಾಗಿಲ್ಲ ಅಂದುಕೊಳ್ತೇವೆ ಅನ್ನೋ ಅರ್ಥದ ಮಾತಾಡಿ ಹೊರಟುಬಿಡುತ್ತದೆ.

ಈಗ ವೈರೇ ಇಲ್ಲದ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವವರಿಗೆ ಈ ಜೋಕು ಅರ್ಧ ಸತ್ತಿದೆ. ಇವರದೇ 1999ರ 'ವರ್ಲ್ಡ್ ಕಮಿಂಗ್ ಡೌನ್' ಶುರುವಾಗೋದು ಗೀರು ಬಿದ್ದ ಸೀಡಿ ತಡವರಿಸಿದ ಹಾಗೆ. ಅದಕ್ಕೂ ಇದೇ ಗತಿ. ಜೋಕು ಯಾವ ಕಾಲದ್ದು ಅಂತ ಯಂತ್ರಗಳೇ ಹೇಳಿಬಿಡುತ್ತವೆ ನೋಡಿ.

ಇರಲಿ, ಸ್ವಲ್ಪ ಚರಿತ್ರೆ ಹೇಳಿಬಿಡ್ತೇನೆ. ಗೋಥಿಕ್ ಮೆಟಲ್ ಅಂದರೆ ಸರಳವಾಗಿ, ಹೆವಿ ಮೆಟಲ್ಲಿನ ಭಾರಕ್ಕೆ ಸ್ಮಶಾನದ ವಿಷಾದವನ್ನು ಬೆರೆಸಿದ್ದು. ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್ 1991ರಲ್ಲಿ 'ಗೋಥಿಕ್' ಅನ್ನೋ ಹೆಸರಿನದೇ ಆಲ್ಬಂ ತಂದಿತು. ಆ ಕಡೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಟೈಪ್ ಓ ನೆಗೆಟಿವ್ ಅನ್ನೋ ತಂಡ ಬೇರೆ ದಾರಿಯಿಂದ ಅಲ್ಲಿಗೇ ಬಂತು. ಹೆಸರೇ ರಕ್ತದ ಗುಂಪಿನದು. ಬೀಟಲ್ಸ್‌ಗೆ 'ಫ್ಯಾಬ್ ಫೋರ್' ಅನ್ನುತ್ತಿದ್ದರಲ್ಲ, ಇವರು ತಮ್ಮನ್ನು 'ಡ್ರ್ಯಾಬ್ ಫೋರ್' ಅಂತ ಕರೆದುಕೊಂಡರು, ಅಂದರೆ ಕಳೆಗೆಟ್ಟ ನಾಲ್ವರು! ಹಾಡುಗಾರ ಪೀಟರ್ ಸ್ಟೀಲ್ ಹುಟ್ಟಿದ್ದು 1962ರಲ್ಲಿ. ಆರೂವರೆ ಅಡಿ ಮೀರಿದ ಆಳು, ಬಾವಿಯೊಳಗಿಂದ ಬಂದಂಥ ದನಿ. ಪೂರ್ತಿಯಾಗಿ ಸಂಗೀತವನ್ನೇ ನಂಬುವ ಮೊದಲು ನ್ಯೂಯಾರ್ಕಿನ ಪಾರ್ಕ್ ಇಲಾಖೆಯಲ್ಲಿ ನೌಕರಿ.

ಇವರ ಹಾಸ್ಯ ಎಲ್ಲಾ ಒಂದೇ ತೂಕದ್ದಲ್ಲ. 1991ರ ಮೊದಲ ಆಲ್ಬಮ್ಮಿನ 'ಡೆರ್ ಉಂಟರ್‌ಮೆನ್ಶ್' ಅನ್ನೋ ಹಾಡು ಸರ್ಕಾರದ ನೆರವಿನ ಮೇಲೆ ಬದುಕುವವರನ್ನು ಬೈಯುತ್ತದೆ, ಶೀರ್ಷಿಕೆಗೆ ನಾಜಿಗಳು ಬಳಸಿದ ಪದ ಬೇರೆ. ಯುರೋಪಿನಲ್ಲಿ ಜನ ಇವರ ವಿರುದ್ಧ ಪ್ರತಿಭಟನೆ ಮಾಡಿದರು. ಅದನ್ನು ನಾನು ಜೋಕು ಅಂತ ಒಪ್ಪೋದಿಲ್ಲ, ಜನ ಸಿಟ್ಟಾದದ್ದರಲ್ಲಿ ತಪ್ಪೂ ಕಾಣಲ್ಲ. ಕೆಳಗಿದ್ದವನನ್ನು ಒದೆಯೋದು ಹಾಸ್ಯ ಹೇಗಾಗುತ್ತದೆ? ಆದರೆ ಮುಂದಿನ ವರ್ಷ ಒಂದು ವಿಚಿತ್ರ ಮಾಡಿದರು. ಸ್ಟುಡಿಯೋದಲ್ಲಿ ಬಾರಿಸಿದ್ದಕ್ಕೆ ನಕಲಿ ಪ್ರೇಕ್ಷಕರ ಗಲಾಟೆ ಸೇರಿಸಿ ಲೈವ್ ಆಲ್ಬಂ ಅಂತ ಬಿಟ್ಟರು. ಚಪ್ಪಾಳೆ ಅಲ್ಲ ಮತ್ತೆ, ಪೂರ್ತಿ ಬೈಗುಳ! ನಡುವೆ ಬಾಂಬ್ ಬೆದರಿಕೆ ಬಂತು ಅಂತ ಕಾರ್ಯಕ್ರಮ ನಿಲ್ಲೋದೂ ಅದರಲ್ಲಿದೆ. ಅಣಕ ತಮ್ಮ ಕಡೆಗೇ ತಿರುಗಿದ್ದು ಇಲ್ಲಿ. 1993ರ 'ಬ್ಲಡಿ ಕಿಸಸ್' ಬರುವ ಹೊತ್ತಿಗೆ ಅದು ಹದಕ್ಕೆ ಬಂದಿತ್ತು. ಅದರ ಪ್ರಸಿದ್ಧ ಹಾಡು 'ಬ್ಲ್ಯಾಕ್ ನಂಬರ್ 1' ಸಾವು, ಕತ್ತಲು ಅಂತ ಶೋಕಿ ಮಾಡುವ ಹುಡುಗಿಯ ಬಗ್ಗೆ, ಹೆಸರು ಅವಳ ಕೂದಲಿನ ಬಣ್ಣದ್ದು. ಅಂದರೆ ಯಾವ ಜನ ಇವರ ಆಲ್ಬಂ ಕೊಳ್ಳುತ್ತಿದ್ದರೋ ಅವರನ್ನೇ ಚುಡಾಯಿಸಿದ್ದು. ಅವರೂ ಖುಷಿಯಾಗಿ ಕೊಂಡರು, ರೋಡ್‌ರನ್ನರ್ ಕಂಪನಿಗೆ ಮೊದಲ ಗೋಲ್ಡ್ ರೆಕಾರ್ಡ್ ತಂದುಕೊಟ್ಟಿದ್ದು ಇದೇ.

'ಅಕ್ಟೋಬರ್ ರಸ್ಟ್' ನನಗೆ ಇವೆಲ್ಲಕ್ಕಿಂತ ಹತ್ತಿರ. ಅದರಲ್ಲಿ 'ರೆಡ್ ವಾಟರ್' ಅಂತ ಒಂದು ಹಾಡಿದೆ. ಅದರ ಉಪಶೀರ್ಷಿಕೆಯಲ್ಲಿ ಕ್ರಿಸ್‌ಮಸ್ಸಿನ ಬೆಳಗು ಅನ್ನೋ ಪದಕ್ಕೆ ಒಂದಕ್ಷರ ಸೇರಿಸಿ ಕ್ರಿಸ್‌ಮಸ್ಸಿನ ಶೋಕ ಅಂತ ಮಾಡಿದ್ದಾರೆ. ಶ್ಲೇಷೆ ಅಷ್ಟೇ, ತಮಾಷೆ. ಆದರೆ ಹಾಡು ಹಬ್ಬದ ದಿನ ಮನೆಯಲ್ಲಿ ಇಲ್ಲದವರ ಬಗ್ಗೆ. ದೀಪಾವಳಿಗೆ ಎಲ್ಲರೂ ಊಟಕ್ಕೆ ಕೂತಾಗ ಹೋದ ವರ್ಷ ಇದ್ದವರ ಜಾಗ ಖಾಲಿ ಕಾಣುತ್ತದಲ್ಲ, ಅದು. ಶುರುವಿನಲ್ಲೇ ನಗಿಸಿದ್ದಕ್ಕೆ ಇಲ್ಲಿ ನಾವು ಮೈಮರೆತು ಸಿಕ್ಕಿಬೀಳುತ್ತೇವೆ. ಮೊದಲಿಂದಲೇ ಗಂಭೀರವಾಗಿ ಮುಖ ಗಂಟಿಕ್ಕಿದ್ದರೆ, 'ಸರಿ ಮಾರಾಯ, ಅಳು ನೀನು' ಅಂತ ಎದ್ದು ಹೋಗುತ್ತಿದ್ದೆವೋ ಏನೋ.

ಇದು ಅಮೆರಿಕದವರ ಹೊಸ ಶೋಧ ಅಂತ ಮಾತ್ರ ಅಂದುಕೊಳ್ಳಬೇಡಿ. 1965ರ 'ಸತ್ಯ ಹರಿಶ್ಚಂದ್ರ' ಸಿನಿಮಾದಲ್ಲಿ ರಾಜನ ಸಂಸಾರ ಬೀದಿಗೆ ಬಿದ್ದಿದ್ದಾಗ ನಕ್ಷತ್ರಿಕನಾಗಿ ನರಸಿಂಹರಾಜು ನಗಿಸುತ್ತಾರೆ, ಸ್ಮಶಾನದಲ್ಲಿ ವೀರಬಾಹುವಾಗಿ ಎಂ.ಪಿ. ಶಂಕರ್ ಕುಣಿಯುತ್ತಾರೆ. ಘಟ್ಟದ ಮೇಲೆ ಧಾರವಾಡ, ಹುಬ್ಬಳ್ಳಿ ಕಡೆ ಹೋಳಿಗೆ ಕಾಮಣ್ಣ ಸತ್ತ ಅಂತ ಬಾಯಿ ಬಡಕೊಂಡು ಲಬೋ ಲಬೋ ಅನ್ನುವುದು ಅಳುವೋ ನಗುವೋ ನೀವೇ ಹೇಳಿ.

ಇನ್ನು ನಮ್ಮ ಕಾರವಾರ-ಅಂಕೋಲಾ ಕಡೆಯದು. ಅಂಕೋಲಾದ ಹಾಲಕ್ಕಿ ಒಕ್ಕಲಿಗರ ಊರುಗಳಲ್ಲಿ ಹೋಳಿ ಹುಣ್ಣಿಮೆಯ ಸುಮಾರಿಗೆ ಸುಗ್ಗಿ. ತಲೆಯ ಮೇಲೆ ಬಣ್ಣದ ತುರಾಯಿ ಕಟ್ಟಿ ಕುಣಿಯುತ್ತಾರೆ. ಆ ಸುಗ್ಗಿಯ ಕಾಲಕ್ಕೇ ಹಗರಣ ಅಂತ ಬರುತ್ತದೆ, ವೇಷ ಹಾಕಿಕೊಂಡು ದೊಡ್ಡವರನ್ನು, ಅಧಿಕಾರಿಗಳನ್ನು, ಆ ವರ್ಷದ ಸುದ್ದಿಗಳನ್ನು ಅಣಕಿಸುವುದು. ಬೇರೆ ಕಡೆಯವರಿಗೆ ಹಗರಣ ಅಂದರೆ ಪೇಪರಿನಲ್ಲಿ ಬರುವ ಹಗರಣ ಮಾತ್ರ ಗೊತ್ತು. ಅದೂ ನಮ್ಮಲ್ಲಿ ಕಡಿಮೆ ಇಲ್ಲ ಬಿಡಿ. 2010ರಲ್ಲಿ ಇದೇ ತಾಲೂಕಿನ ಬೇಲೆಕೇರಿ ಬಂದರಿನಿಂದ, ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರೇ ರಾಶಿ ರಾಶಿಯಾಗಿ ಮಾಯವಾಯಿತು. ಕಾವಲಿಟ್ಟ ಗುಡ್ಡವೇ ಹಡಗು ಹತ್ತಿ ಹೋಯಿತು ಅಂದರೆ ಯಾವ ವೇಷದವನಾದರೂ ಇದಕ್ಕಿಂತ ದೊಡ್ಡ ಜೋಕು ಮಾಡಲಿಕ್ಕಾಗುತ್ತದಾ? :)

ನಮ್ಮ ಹಗರಣಕ್ಕೂ ಸ್ಟೀಲನ ಅಣಕಕ್ಕೂ ನನಗೆ ಕಾಣುವ ವ್ಯತ್ಯಾಸ ಒಂದೇ. ಹಗರಣಕ್ಕೆ ತಿಥಿ ಇದೆ. ಇಂಥ ಹುಣ್ಣಿಮೆ, ಇಷ್ಟು ದಿನ. ಅದು ಮುಗಿದ ಮೇಲೆ ವೇಷ ಕಳಚಲೇಬೇಕು, ಮರುದಿನ ಅಣಕಿಸಿದವನೂ ಅಣಕಿಸಿಕೊಂಡವನೂ ಎದುರಾಬದುರಾ ಸಿಕ್ಕಿ ಮಾತಾಡಲೇಬೇಕು. ಸ್ಟೀಲನಿಗೆ ಅಂಥ ಕ್ಯಾಲೆಂಡರ್ ಇರಲಿಲ್ಲ. ವ್ಯಸನದ ಜೊತೆ ಗುದ್ದಾಡುತ್ತಿದ್ದ ದಿನಗಳಲ್ಲಿ, 2005ರಲ್ಲಿ, ತಂಡದ ವೆಬ್‌ಸೈಟಿನಲ್ಲಿ ಒಂದು ಗೋರಿಕಲ್ಲಿನ ಚಿತ್ರ ಬಂತು: ಪೀಟರ್ ಸ್ಟೀಲ್, 1962–2005. ಸತ್ತೇ ಹೋದ ಅಂತ ಸುದ್ದಿ ಹಬ್ಬಿತು. ಅದು ತಮಾಷೆ! 2007ರಲ್ಲಿ 'ಡೆಡ್ ಅಗೇನ್' ಅಂತ ಆಲ್ಬಂ ತಂದರು, ಮತ್ತೆ ಸತ್ತೆ ಅಂತ. ಅದೂ ತಮಾಷೆ. 2010ರ ಏಪ್ರಿಲ್ 14ರಂದು, 48ನೇ ವಯಸ್ಸಿನಲ್ಲಿ ಆತ ನಿಜವಾಗಿ ಸತ್ತಾಗ ಎಷ್ಟೋ ಅಭಿಮಾನಿಗಳು ನಂಬಲಿಲ್ಲ. ಇದೂ ಅವನದೇ ಇನ್ನೊಂದು ಜೋಕಿರಬೇಕು ಅಂತ ಕಾದರು. ಜೀವನಪೂರ್ತಿ ಸಾವನ್ನು ಅಣಕಿಸಿದವನಿಗೆ ಸತ್ತ ಮೊದಲ ಗಳಿಗೆಗಳಲ್ಲಿ ಅಳುವವರ ಬದಲು ಅನುಮಾನಪಡುವವರು ಸಿಕ್ಕರು. ಉಳಿದವರು ತಂಡವನ್ನು ಮುಂದುವರಿಸಲಿಲ್ಲ.

ಹಾಗಂತ ಅವನು ನಗಬಾರದಿತ್ತು ಅಂತ ನಾನು ಹೇಳೋದಿಲ್ಲ. ಸಾವಿನ ಮನೆಯಲ್ಲಿ ಹನ್ನೆರಡನೇ ದಿನದ ಹೊತ್ತಿಗೆ, ಸತ್ತ ಅಜ್ಜನ ಜಿಪುಣತನದ ಕಥೆ ಹೇಳಿ ಯಾರಾದರೂ ನಗಿಸದಿದ್ದರೆ ಅಜ್ಜಿ ಸರಿಯಾಗಿ ಅಳುವುದೂ ಇಲ್ಲ. ನಮ್ಮವರು ಆ ನಗುವಿಗೊಂದು ದಿನ ಗೊತ್ತು ಮಾಡಿ, ಮಾರನೇ ದಿನದಿಂದ ಕೆಲಸಕ್ಕೆ ಹೋಗುವುದನ್ನು ಕಲಿಸಿದರು. ತಿಥಿ ಅನ್ನೋ ಒಂದೇ ಪದಕ್ಕೆ ಪಂಚಾಂಗದ ದಿನ ಅಂತಲೂ ಸತ್ತವರ ಕಾರ್ಯ ಅಂತಲೂ ಅರ್ಥ ಇರುವುದು ಸುಮ್ಮನೆ ಅಲ್ಲವೇನೋ.

ಮೆಟಲ್ ಅಂದರೆ ಬರೀ ಕಿರುಚಾಟ ಅಂದುಕೊಂಡವರು 'ರೆಡ್ ವಾಟರ್' ಒಂದನ್ನಾದರೂ ಕೇಳಿ. ಹಬ್ಬದ ದಿನ ಮಾತ್ರ ಬೇಡ.