ಉತ್ತರ ಕಾಣದ ಓಲೆಗಳು

ಎರಡು ದೇಶಗಳ ಶಾಲಾಮಕ್ಕಳು, ಒಬ್ಬರನ್ನೊಬ್ಬರು ಕಾಣದೆಯೇ, ಕಾಗದಗಳ ಮೂಲಕ ಸ್ನೇಹ ಬೆಳೆಸುವುದನ್ನು ಪತ್ರಮೈತ್ರಿ ಎನ್ನುತ್ತೇವೆ. ರಾಜ್ಯಗಳ ಏಳುಬೀಳುಗಳನ್ನೂ ಸಂಧಿವಿಗ್ರಹಗಳನ್ನೂ ಬರೆಯುವ ಇತಿಹಾಸಕಾರರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿರಳ. ಅಂಚೆಚೀಟಿಯ ಆಸೆಗೆ ಹುಡುಗರು ಹೂಡುವ ಆಟವೆಂದೇ ನಾನೂ ಬಹುಕಾಲ ಎಣಿಸಿದ್ದೆ. ಆ ಎಣಿಕೆಯನ್ನು ತಿದ್ದಿದವು 1940ರ ಏಪ್ರಿಲಿನಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಹೊರಟ ಎರಡು ಕಾಗದಗಳು.

ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಡ್ಯಾನ್ವಿಲ್ ಎಂಬುದೊಂದು ಚಿಕ್ಕ ಊರು. ಅಲ್ಲಿಯ ಉಪಾಧ್ಯಾಯಿನಿ ಬರ್ಡೀ ಮ್ಯಾಥ್ಯೂಸ್ ತಮ್ಮ ವಿದ್ಯಾರ್ಥಿಗಳ ಮುಂದೆ ಹೊರದೇಶದ ಮಕ್ಕಳ ಹೆಸರುಗಳ ಪಟ್ಟಿಯನ್ನಿಟ್ಟು, ಒಬ್ಬೊಬ್ಬರನ್ನು ಆರಿಸಿಕೊಳ್ಳಲು ಹೇಳಿದರು. ರೈತರ ಮನೆಯ 10 ವರ್ಷದ ಹುಡುಗಿ ವಾನೀಟಾ ವ್ಯಾಗ್ನರ್ ಆರಿಸಿದ ಹೆಸರು ಆನ್ ಫ್ರಾಂಕ್. ವಾನೀಟಾಳಿಗೆ ಬೆಟ್ಟಿ ಎಂಬ ಅಕ್ಕನಿದ್ದಳು, ಆನಳಿಗೆ ಮಾರ್ಗೋಟ್. ಹೀಗೆ ಒಂದರ ಬದಲು ಎರಡು ಮೈತ್ರಿಗಳು ಮೊದಲಾದವು.

ಆನಳ ಕಾಗದದ ತಾರೀಖು ಏಪ್ರಿಲ್ 29. ತನ್ನ ಮನೆ, ಮಾಂಟೆಸರಿ ಶಾಲೆ, ತಾನು ಕೂಡಿಸಿದ ಸುಮಾರು 800 ಚಿತ್ರಕಾರ್ಡುಗಳು, ಇವಿಷ್ಟೇ ಅದರ ವಿಷಯ. ಯುದ್ಧದ ಸುದ್ದಿ ಅದರಲ್ಲಿಲ್ಲ. ಆದರೆ 14 ವರ್ಷದ ಮಾರ್ಗೋಟ್, ಜರ್ಮನಿಯ ಗಡಿಗೆ ತಾಗಿದ ಸಣ್ಣ ದೇಶದವರಾದ ತಮಗೆ ಎಂದೂ ನೆಮ್ಮದಿಯಿಲ್ಲವೆಂದೂ ಆಗಾಗ ರೇಡಿಯೋ ಕೇಳುತ್ತೇವೆಂದೂ ಬರೆದಿದ್ದಳು. ಎರಡೂ ಕಾಗದಗಳು ಇಂಗ್ಲಿಷಿನಲ್ಲಿವೆ. ಆನಳಿಗೆ ಆಗ ಆ ಭಾಷೆ ಬರುತ್ತಿರಲಿಲ್ಲ. ತಂದೆ ಓಟೋ ಫ್ರಾಂಕ್ ಅನುವಾದಿಸಿಕೊಟ್ಟದ್ದನ್ನು ನೋಡಿ ಆಕೆ ಬರೆದಿರಬೇಕೆಂದು ನಂಬಲಾಗಿದೆ.

ಹನ್ನೊಂದು ದಿನಗಳ ತರುವಾಯ, ಮೇ 10ರಂದು, ಜರ್ಮನ್ ಸೇನೆ ನೆದರ್ಲೆಂಡ್ಸಿನೊಳಗೆ ನುಗ್ಗಿತು. ಡ್ಯಾನ್ವಿಲ್ಲಿನ ಹುಡುಗಿಯರು ಮತ್ತೆ ಬರೆದರು, ಉತ್ತರ ಬರಲಿಲ್ಲ. ತಮ್ಮ ಗೆಳತಿಯರು ಯಹೂದಿಗಳೆಂಬುದೂ, 1942ರ ಜುಲೈಯಲ್ಲಿ ಅವರು ಅಡಗುದಾಣ ಸೇರಿದರೆಂಬುದೂ, 1944ರ ಆಗಸ್ಟಿನಲ್ಲಿ ಸೆರೆಸಿಕ್ಕರೆಂಬುದೂ ಅವರಿಗೆ ತಿಳಿಯಲಿಲ್ಲ. ಯುದ್ಧ ಮುಗಿದಮೇಲೆ ಬೆಟ್ಟಿ ಹಳೆಯ ವಿಳಾಸಕ್ಕೆ ಮತ್ತೊಮ್ಮೆ ಬರೆದಳು. ಈ ಬಾರಿ ಉತ್ತರ ಬಂತು. ಬರೆದವರು ಓಟೋ ಫ್ರಾಂಕ್. ಮಕ್ಕಳಿಬ್ಬರೂ 1945ರಲ್ಲಿ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡಿದ್ದರು.

ಆನಳ ದಿನಚರಿ 1947ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಅದರ ಬಹುಭಾಗ ಕಿಟ್ಟಿ ಎಂಬ ಕಲ್ಪಿತ ಗೆಳತಿಗೆ ಬರೆದ ಓಲೆಗಳ ರೂಪದಲ್ಲಿದೆ. ಅಂಚೆಗೆ ಹಾಕಲಾಗದ, ಉತ್ತರ ಬಾರದ ಓಲೆಗಳು ಅವು. ವ್ಯಾಗ್ನರ್ ಸೋದರಿಯರು ಜೋಪಾನ ಮಾಡಿದ್ದ ಕಾಗದಗಳಾದರೋ 1988ರ ಹರಾಜಿನಲ್ಲಿ 1,65,000 ಡಾಲರಿಗೆ ಮಾರಾಟವಾಗಿ, ಲಾಸ್ ಏಂಜಲೀಸಿನ ಸೈಮನ್ ವೀಸೆಂಥಾಲ್ ಕೇಂದ್ರವನ್ನು ಸೇರಿದವು.

ಈ ವೃತ್ತಾಂತವನ್ನು ಓದಿದಾಗ ನನಗೆ ಪ್ರೌಢಶಾಲೆಯ ದಿನಗಳ ಒಂದು ನೀಲಿ ಅಂಚೆಪತ್ರ ನೆನಪಾಯಿತು. ಹೊರದೇಶದ ಹುಡುಗನೊಬ್ಬ ತನ್ನ ಊರಿನ ವಿಚಾರ ಬರೆದು, ನಮ್ಮ ಊರಿನದನ್ನು ಕೇಳಿದ್ದ. ನನ್ನ ಇಂಗ್ಲಿಷು ತಪ್ಪಾದೀತೆಂಬ ನಾಚಿಕೆಯಿಂದ ಉತ್ತರವನ್ನು ಮುಂದೂಡುತ್ತ ಹೋದೆ, ಕಡೆಗೂ ಬರೆಯಲಿಲ್ಲ. ಬಾರದ ಭಾಷೆಯಲ್ಲಿ, ತಂದೆಯ ನೆರವು ಪಡೆದು, 10 ವರ್ಷದ ಹುಡುಗಿಯೊಬ್ಬಳು ಅದನ್ನು ಮಾಡಿದ್ದಳು. ಅವಳ ಮುಂದಿನ ಓಲೆಯನ್ನು ಯುದ್ಧ ತಡೆಯಿತು. ನನ್ನನ್ನು ತಡೆದವರು ಯಾರೂ ಇರಲಿಲ್ಲ.